ಸುತ್ತುವುದೇ ಕೆಲಸವಾಗಿದ್ದ ರೈಲು: ಒಂದು ಪುಟ್ಟ ಮಾದರಿ ರೈಲು ಲೇಔಟಿನ ಪ್ರಕರಣ ಅಧ್ಯಯನ

ಹಿನ್ನೆಲೆ

ಬೆಂಗಳೂರಿನ ಒಂದು ಪ್ರೌಢಶಾಲೆಯವರು ರಾಷ್ಟ್ರೀಯ ವಿಜ್ಞಾನ ದಿನದ ವಸ್ತುಪ್ರದರ್ಶನಕ್ಕೆಂದು ತಮ್ಮಲ್ಲೇ ಪಾಠ ಮಾಡಿ ನಿವೃತ್ತರಾದ ಭೌತಶಾಸ್ತ್ರದ ಮೇಷ್ಟ್ರೊಬ್ಬರನ್ನು ಕರೆದು, ವಿಜ್ಞಾನದ ಚರಿತ್ರೆ ಹೇಳುವಂಥದ್ದು ಏನಾದರೂ ಮಾಡಿಕೊಡಿ ಎಂದು ಕೇಳಿದರು. ಕೊಟ್ಟ ಜಾಗ ಒಂದು ಬೆಂಚು. ಮೇಷ್ಟ್ರಿಗೆ ಮಾದರಿ ರೈಲಿನ ಹುಚ್ಚು ಹಳೆಯದು. ಆದರೆ ಮನೆಯಲ್ಲಿ ಜಾಗವಿಲ್ಲದೆ ಆ ಹುಚ್ಚು ಅಟ್ಟದ ಮೇಲಿನ ಎರಡು ಡಬ್ಬಗಳಲ್ಲಿ ಮಲಗಿತ್ತು. ಜೊತೆಗೆ ನಿಂತವಳು ಎಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗಳು. ಇವರಿಬ್ಬರ ಹೆಸರು, ಶಾಲೆಯ ಹೆಸರು, ಬಡಾವಣೆ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ನಾನು ಈ ಕೆಲಸವನ್ನು ಹತ್ತಿರದಿಂದ ನೋಡಿದವನು, ಬೆಸುಗೆ ಹಾಕುವಾಗ ಆಗಾಗ ಕೈಜೋಡಿಸಿದವನು.

ಹಲಗೆಯ ಮೇಲೆ ಹಳಿ, ಕಟ್ಟಡ, ಜನ ಎಲ್ಲ ಜೋಡಿಸಿ ಕಟ್ಟುವ ದೃಶ್ಯಕ್ಕೆ ಮಾದರಿ ರೈಲಿನವರು ಲೇಔಟ್ ಎನ್ನುತ್ತಾರೆ. ನಾಲ್ಕು ಚದರ ಅಡಿಯೊಳಗೆ ಮುಗಿಯುವ ಲೇಔಟಿಗೆ ಮೈಕ್ರೋ ಲೇಔಟ್ ಎನ್ನುವ ರೂಢಿ ಇದೆ. ಅಮೆರಿಕದ ಕಾರ್ಲ್ ಆರೆಂಟ್ ಈ ಅಳತೆಯನ್ನು ಬಳಕೆಗೆ ತಂದು ಜನಪ್ರಿಯ ಮಾಡಿದವರು. ಮೇಷ್ಟ್ರ ಹಲಗೆ 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, ಅಂದರೆ ಮೂರು ಚದರ ಅಡಿಗೂ ಕಡಿಮೆ. ಈ ಅಳತೆ ಎಲ್ಲಿಂದ ಬಂತು ಅಂದರೆ ಆಟೋದಲ್ಲಿ ಇಬ್ಬರ ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಹೋಗಲು ಆಗಬೇಕು ಎಂಬ ಒಂದೇ ಕಾರಣದಿಂದ. ಲೇಔಟಿನ ಅಳತೆಯನ್ನು ಇಷ್ಟು ಪ್ರಾಮಾಣಿಕವಾಗಿ ನಿರ್ಧರಿಸಿದ್ದನ್ನು ನಾನು ಬೇರೆ ಕಡೆ ನೋಡಿಲ್ಲ.

ಯಾವ ಪ್ರದರ್ಶನ?

ವಸ್ತುಪ್ರದರ್ಶನದಲ್ಲಿ ಇಡುವ ರೈಲಿಗೆ ವಸ್ತುಪ್ರದರ್ಶನವೇ ವಿಷಯವಾಗಲಿ ಎಂಬುದು ಮೇಷ್ಟ್ರ ಹಟ. ಅವರ ಮನಸ್ಸು ಮೊದಲು ಹೋದದ್ದು 1851ರ ಲಂಡನ್ನಿನ ಮಹಾ ಪ್ರದರ್ಶನಕ್ಕೆ. ಹೈಡ್ ಪಾರ್ಕಿನಲ್ಲಿ ಕಬ್ಬಿಣಕ್ಕೆ ಗಾಜು ಜೋಡಿಸಿ ಎಬ್ಬಿಸಿದ ಕ್ರಿಸ್ಟಲ್ ಪ್ಯಾಲೇಸ್ ಸುಮಾರು 560 ಮೀಟರ್ ಉದ್ದದ್ದು. 1:76ರ ಪ್ರಮಾಣದಲ್ಲಿ, ಅಂದರೆ ನಿಜದ ಎಪ್ಪತ್ತಾರರಲ್ಲಿ ಒಂದು ಪಾಲಿಗೆ ಕುಗ್ಗಿಸಿ, ಮಾಡಿದರೆ ಏಳು ಮೀಟರ್ ದಾಟುತ್ತದೆ. ಅದಕ್ಕಿಂತ ಬಹಳ ಚಿಕ್ಕದಾದ ಝಡ್ ಎಂಬ ಪ್ರಮಾಣದ 1:220ರಲ್ಲೂ ಎರಡೂವರೆ ಮೀಟರ್. ಕಟ್ಟಡದ ಒಂದು ಮೂಲೆ ಮಾತ್ರ ಮಾಡೋಣವೆಂದರೆ ಅದರಲ್ಲಿ ರೈಲಿನ ಎಂಜಿನ್‌ಗಳು ಇದ್ದದ್ದು ನೋಡಲಿಕ್ಕೆ, ಓಡಲಿಕ್ಕಲ್ಲ. ನಿಂತ ಎಂಜಿನ್ನಿನ ಮುಂದೆ ಏಳನೇ ತರಗತಿಯ ಹುಡುಗ ಎಷ್ಟು ಹೊತ್ತು ನಿಲ್ಲುತ್ತಾನೆ ಎಂಬುದು ಮೂವತ್ತು ವರ್ಷ ಪಾಠ ಮಾಡಿದವರಿಗೆ ಹೇಳಿಕೊಡಬೇಕಿಲ್ಲ.

ಎರಡನೆಯದು 1924ರ ಲಂಡನ್ನಿನ ವೆಂಬ್ಲಿ. ಬ್ರಿಟಿಷ್ ಎಂಪೈರ್ ಎಕ್ಸಿಬಿಷನ್‌ನಲ್ಲಿ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಮತ್ತು ಕೆಯರ್‌ಫಿಲಿ ಕಾಸಲ್ ಎಂಬ ಎರಡು ಪ್ರತಿಸ್ಪರ್ಧಿ ಕಂಪನಿಗಳ ಎಂಜಿನ್‌ಗಳು ಒಂದೇ ಸೂರಿನಡಿ ನಿಂತಿದ್ದವು. ಮೊಮ್ಮಗಳ ಕಣ್ಣು ಬಿದ್ದದ್ದು ಅವುಗಳ ಮೇಲಲ್ಲ, ಅದೇ ಮೈದಾನದಲ್ಲಿ ಜನರನ್ನು ಸಾಗಿಸುತ್ತಿದ್ದ ನೆವರ್-ಸ್ಟಾಪ್ ರೈಲ್ವೆಯ ಮೇಲೆ. ಹಳಿಗಳ ನಡುವೆ ಉದ್ದಕ್ಕೂ ತಿರುಗುತ್ತಿದ್ದ ಒಂದು ತಿರುಪು ಆ ಬಂಡಿಗಳನ್ನು ತಳ್ಳುತ್ತಿತ್ತು. ಸ್ಟೇಷನ್ನಿನ ಬಳಿ ತಿರುಪಿನ ಎಳೆಗಳು ಒತ್ತೊತ್ತಾಗಿ, ಆಚೆಗೆ ಬಿಡಿಬಿಡಿಯಾಗಿ ಇದ್ದವು. ಹಾಗಾಗಿ ಬಂಡಿ ಸ್ಟೇಷನ್ನಿನಲ್ಲಿ ನಿಲ್ಲದೆ ಬರೀ ನಿಧಾನವಾಗುತ್ತಿತ್ತು, ಜನ ನಡೆದೇ ಹತ್ತಿ ಇಳಿಯುತ್ತಿದ್ದರು. ಅಂಥ ತಿರುಪನ್ನು ಪೆನ್ಸಿಲ್ ದಪ್ಪಕ್ಕೆ ಮಾಡುವುದು ಹೇಗೆ ಎಂಬಲ್ಲಿಗೆ ಮಾತು ನಿಂತಿತು.

ಕೊನೆಗೆ ಉಳಿದದ್ದು 1879ರ ಬರ್ಲಿನ್. ಅಲ್ಲಿನ ಕೈಗಾರಿಕಾ ಪ್ರದರ್ಶನದಲ್ಲಿ ಮೇ 31ರಂದು ವರ್ನರ್ ಸೀಮೆನ್ಸ್ ಅವರ ಸಂಸ್ಥೆ ಒಂದು ಪುಟ್ಟ ರೈಲನ್ನು ಓಡಿಸಿ ತೋರಿಸಿತು. ಹೊರಗಿನಿಂದ ತಂತಿ ಹಳಿಯ ಮೂಲಕ ಬರುವ ವಿದ್ಯುತ್ತಿನಿಂದ ಜನರನ್ನು ಹೊತ್ತು ಓಡಿದ ಮೊದಲ ರೈಲು ಅದೇ. ಸುತ್ತುಹಳಿಯ ಉದ್ದ 300 ಮೀಟರ್. ಎಂಜಿನ್ನಿನ ಬಲ ಮೂರು ಅಶ್ವಶಕ್ತಿ, ಸುಮಾರು 2.2 ಕಿಲೋವಾಟ್, ಇವತ್ತು ಸ್ನಾನದ ಮನೆಯ ಗೀಸರಿಗಿಂತ ಹೆಚ್ಚೇನಲ್ಲ. ಹಿಂದೆ ಮೂರು ತೆರೆದ ಬಂಡಿ, ಒಂದೊಂದರಲ್ಲಿ ಆರು ಜನ, ಬೆನ್ನಿಗೆ ಬೆನ್ನು ಕೊಟ್ಟು ಹೊರಮುಖವಾಗಿ ಕೂತವರು. ಓಡಿಸುವವನು ಎಂಜಿನ್ನಿನ ಮೇಲೆಯೇ ಕೂರುತ್ತಿದ್ದ. ಜನ ತುಂಬಿದಾಗ ವೇಗ ಗಂಟೆಗೆ 7 ಕಿ.ಮೀ. ಆಸುಪಾಸು. ನಾಲ್ಕು ತಿಂಗಳಲ್ಲಿ ಸುಮಾರು 86,000 ಜನ ಹತ್ತಿ ಇಳಿದರು. ಪ್ರತಿ ಸುತ್ತಿಗೂ ಹದಿನೆಂಟು ಜನ ತುಂಬಿದ್ದರೂ ಅದು ಕಡಿಮೆಯೆಂದರೆ ಸುಮಾರು 4,800 ಸುತ್ತು ಹಾಕಿರಬೇಕೆಂದು ಮೇಷ್ಟ್ರು ಲೆಕ್ಕ ಹಾಕಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟರು.

ಇಲ್ಲಿ ನಿಂತು ಒಂದು ಮಾತು ಹೇಳಬೇಕು. ಪುಟ್ಟ ಲೇಔಟ್ ಕಟ್ಟುವವರಿಗೆಲ್ಲ ಇರುವ ಮುಜುಗರ ಏನೆಂದರೆ, ಜಾಗವಿಲ್ಲದಿದ್ದಾಗ ಹಳಿಯನ್ನು ದುಂಡಗೆ ಹಾಕದೆ ಗತಿಯಿಲ್ಲ, ದುಂಡಗೆ ಹಾಕಿದರೆ ಆಟಿಕೆಯಂತೆ ಕಾಣುತ್ತದೆ. ನಿಜವಾದ ರೈಲು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತದೆ. ಅದಕ್ಕೇ ಎಲ್ಲರೂ ಅರ್ಧ ಸುತ್ತನ್ನು ಗುಡ್ಡದ ಹಿಂದೆಯೋ ಸುರಂಗದೊಳಗೋ ಬಚ್ಚಿಡುತ್ತಾರೆ. ಬರ್ಲಿನ್ನಿನ ರೈಲಿಗೆ ಈ ಮುಜುಗರವಿಲ್ಲ. ಅದು ಹೊರಟಲ್ಲಿಗೇ ಬರುತ್ತಿತ್ತು, ಬರುವುದಕ್ಕೆಂದೇ ಹೊರಡುತ್ತಿತ್ತು. ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲು ಹತ್ತಿದವರಿಗೆ ಆ ಸುಖ ಗೊತ್ತು. ಅಡಗಿಸಬೇಕಾದ್ದೇ ಇಲ್ಲಿ ಚರಿತ್ರೆಯಾಗಿ ಸಿಕ್ಕಿತು. ಈ ಕೆಲಸದಲ್ಲಿ ತೆಗೆದುಕೊಂಡ ತೀರ್ಮಾನಗಳಲ್ಲೆಲ್ಲ ಇದೇ ಅತ್ಯಂತ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಲೆಕ್ಕ ಕೂಡಿಬಂದದ್ದು

ಮುಂದಿನ ತೀರ್ಮಾನ ಪ್ರಮಾಣದ್ದು. ಬರ್ಲಿನ್ ರೈಲಿನ ಹಳಿಯಗಲ 490 ಮಿ.ಮೀ., ಅಂದರೆ ಅರ್ಧ ಮೀಟರಿಗೂ ಕಡಿಮೆ. ಕಲ್ಲಿದ್ದಲು ಗಣಿಗೆಂದು ಯೋಚಿಸಿದ ಎಂಜಿನ್ನನ್ನೇ ಪ್ರದರ್ಶನಕ್ಕೆ ತಂದದ್ದರಿಂದ ಇಷ್ಟು ಕಿರಿದು. ಮೇಷ್ಟ್ರು ಅದನ್ನು 76ರಿಂದ ಭಾಗಿಸಿದರು. 6.45 ಬಂತು. ಮಾದರಿ ರೈಲು ಮಾಡುವ ಜರ್ಮನಿಯ ಮಾರ್ಕ್ಲಿನ್ ಕಂಪನಿ 1972ರಲ್ಲಿ ತಂದ ಝಡ್ ಹಳಿಯ ಅಗಲ 6.5 ಮಿ.ಮೀ. ಅಂದರೆ ಅಂಗಡಿಯಲ್ಲಿ ಸಿಗುವ ಝಡ್ ಹಳಿಯ ಮೇಲೆ 1:76ರ, ಅಂದರೆ ಓಓ ಪ್ರಮಾಣದ ಬಂಡಿ ನಿಲ್ಲಿಸಿದರೆ ಅಗಲ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಮೇಷ್ಟ್ರು ಅವತ್ತು ಎರಡನೇ ಸಲ ಕಾಫಿ ಮಾಡಿಸಿದರು.

ಮೊದಲ ಯೋಜನೆ ಹೀಗಿತ್ತು. 145 ಮಿ.ಮೀ. ತ್ರಿಜ್ಯದ ಬಾಗಿದ ಹಳಿಗಳು, ನಡುವೆ ಪ್ರತಿ ಬದಿಗೆ 110 ಮಿ.ಮೀ.ನ ಎರಡೆರಡು ನೇರ ತುಂಡು. ಒಟ್ಟು ಸುತ್ತು 1.35 ಮೀಟರ್. 1:76ರಲ್ಲಿ ಅದು ನೂರು ಮೀಟರ್ ಚಿಲ್ಲರೆ, ಅಂದರೆ ಮೂಲದ ಮೂರರಲ್ಲಿ ಒಂದು ಪಾಲು. ಇಷ್ಟು ಕುಗ್ಗಿಸುವುದನ್ನು ಹವ್ಯಾಸಿಗಳು ತಪ್ಪೆಂದು ಎಣಿಸುವುದಿಲ್ಲ. ಜರ್ಮನಿಯಲ್ಲಿದ್ದ ಪರಿಚಿತರೊಬ್ಬರು ಹಳಿಗಳನ್ನೂ, ಕೆಳಗೆ ಮೋಟರ್ ಇರುವ ಐದು ಸೆಂ.ಮೀ. ಉದ್ದದ ಝಡ್ ಚಾಸಿಯೊಂದನ್ನೂ, ಅಂದರೆ ಚಕ್ರಗಳಿರುವ ತಳಚೌಕಟ್ಟನ್ನೂ, ತಂದುಕೊಟ್ಟರು.

ಆ ಚಾಸಿಯನ್ನು ಎಲ್ಲಿ ಇಡುವುದು? ಓಡಿಸುವವನು ಮೇಲೆ ಕೂರುವಷ್ಟೇ ಇದ್ದ ಮೂಲ ಎಂಜಿನ್ 1:76ರಲ್ಲಿ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಯಾವ ಮೋಟರೂ ಹಿಡಿಯದು. ಬಂಡಿಯ ಬೆಂಚಿನ ಕೆಳಗೆ ಇಟ್ಟರೆ, ಎರಡೂವರೆ ಸೆಂ.ಮೀ. ಇರಬೇಕಾದ ಬಂಡಿ ಅದರ ಎರಡರಷ್ಟಾಗುತ್ತದೆ. ಮಾಡಿ ನೋಡಿದರು. ಆರು ಜನರ ಬಂಡಿ ಹನ್ನೆರಡು ಜನರದ್ದಾಯಿತು, ಮುಂದಿದ್ದ ಎಂಜಿನ್ ಅದಕ್ಕೆ ಕಟ್ಟಿದ ಗೊಂಬೆಯಂತೆ ಕಂಡಿತು. ವೇಗದ ಕಷ್ಟ ಬೇರೆ. ಗಂಟೆಗೆ 7 ಕಿ.ಮೀ. ಎಂದರೆ ಈ ಪ್ರಮಾಣದಲ್ಲಿ ಸೆಕೆಂಡಿಗೆ 25 ಮಿ.ಮೀ. ಮಾತ್ರ. ಅಷ್ಟು ನಿಧಾನದಲ್ಲಿ ಹಗುರವಾದ ಝಡ್ ಚಕ್ರ ಹಳಿಯ ಮೇಲಿನ ಒಂದು ಧೂಳಿನ ಕಣಕ್ಕೂ ನಿಂತುಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಎಷ್ಟು ಒರೆಸಿದರೂ, ಬೆಂಗಳೂರಿನ ಮೆಟ್ರೋ ಕಾಮಗಾರಿಯ ಪಕ್ಕದ ಬೀದಿಯ ಮನೆಯಲ್ಲಿ ಧೂಳಿಗೆ ಬರವೇ?

ನನ್ನ ದೃಷ್ಟಿಯಲ್ಲಿ ಇಲ್ಲಿನ ತೊಡಕು ಮೋಟರಿನದ್ದಾಗಲಿ ಧೂಳಿನದ್ದಾಗಲಿ ಅಲ್ಲ. 6.45 ಎಂಬ ಸಂಖ್ಯೆ ಬಂದ ಕೂಡಲೇ ಉಳಿದ ಪ್ರಶ್ನೆಗಳು ಹಿಂದೆ ಸರಿದವು. ಹಳಿಯಗಲದಿಂದ ಶುರುಮಾಡಿದ್ದರಿಂದ ಪ್ರಮಾಣ ತಾನಾಗಿ ನಿರ್ಧಾರವಾಯಿತು. ಈ ರೈಲಿನ ಅತಿ ಚಿಕ್ಕ ಭಾಗ ಯಾವುದು, ಅದರೊಳಗೆ ಏನು ಹಿಡಿಯಬೇಕು ಎಂದು ಕೇಳಿ ಅಲ್ಲಿಂದ ಹಿಂದಕ್ಕೆ ಬಂದಿದ್ದರೆ ಬೇರೆಯೇ ಪ್ರಮಾಣ ಸಿಗುತ್ತಿತ್ತು. ಪುಟ್ಟ ಲೇಔಟಿನಲ್ಲಿ ಸುಂದರವಾದ ಲೆಕ್ಕವೊಂದು ಬೇಗ ಕೂಡಿಬಂದರೆ ಒಂದು ರಾತ್ರಿ ಅದನ್ನು ನಂಬದೆ ಇರುವುದು ಒಳ್ಳೆಯದು.

ಕೆಳಗಿನಿಂದ ಎಳೆಯುವ ಕೈ

ಹಳಿ ಬಂದಾಗಿತ್ತು, ದಿನಗಳು ಓಡುತ್ತಿದ್ದವು, ಪ್ರಮಾಣ ಬದಲಿಸುವ ಮಾತಿರಲಿಲ್ಲ. ದಾರಿ ಕಂಡದ್ದು ಮೊಮ್ಮಗಳಿಗೆ. ರೈಲಿಗೆ ನಿಲ್ದಾಣವಿಲ್ಲ, ಕವಲಿಲ್ಲ, ಸುಮ್ಮನೆ ಸುತ್ತುವುದಷ್ಟೇ. ಹಾಗಿದ್ದಮೇಲೆ ಅಂಡಾಕಾರ ಬಿಟ್ಟು ಪೂರಾ ದುಂಡು ಮಾಡಿ, ಹಲಗೆಯ ಕೆಳಗೆ ಗಡಿಯಾರದ ಮುಳ್ಳಿನಂತೆ ಒಂದು ಕಡ್ಡಿ ತಿರುಗಿಸಿ, ಅದರ ತುದಿಗೆ ಆಯಸ್ಕಾಂತ ಅಂಟಿಸಿದರಾಯಿತು. ಮೇಲಿನ ಬಂಡಿಯ ತಳದ ಆಯಸ್ಕಾಂತ ಅದನ್ನು ಹಿಂಬಾಲಿಸುತ್ತದೆ. ಮೋಟರ್ ಎಷ್ಟು ದೊಡ್ಡದಿದ್ದರೂ ಅದು ಹಲಗೆಯ ಅಡಿಯ ಮಾತು.

ಮೇಷ್ಟ್ರು ಒಪ್ಪಲಿಲ್ಲ. ಅವರ ವಾದದಲ್ಲಿ ತೂಕವಿತ್ತು. ಜಗತ್ತಿಗೆ ವಿದ್ಯುತ್ ರೈಲನ್ನು ತೋರಿಸಿದ ಪ್ರದರ್ಶನದ ಮಾದರಿ ಮಾಡಿ, ಹಳಿಯಲ್ಲಿ ವಿದ್ಯುತ್ತೇ ಇಲ್ಲದೆ ಆಯಸ್ಕಾಂತದಲ್ಲಿ ಎಳೆದರೆ ಅದು ಜಾತ್ರೆಯ ಮಾಯಾಜಾಲ, ಪಾಠವಲ್ಲ.

"ತಾತ, ಮೊದಲು ನಾವು ಮಾಡಿದ್ದರಲ್ಲೂ ಎರಡು ಹಳೀಲಿ ಕರೆಂಟ್ ಕೊಡ್ತಿದ್ವಿ. ಸೀಮೆನ್ಸ್ ಕೊಟ್ಟಿದ್ದು ನಡುವಿನ ಪಟ್ಟೀಲಿ. ಅದು ಮಾತ್ರ ನಿಜವಾಗಿತ್ತಾ?"

"ಎರಡು ಹಳೀಲೂ ಅವನೇ ಕೊಟ್ಟಿದ್ದಾನೆ ಕಣೇ, ಲಿಖ್ಟರ್‌ಫೆಲ್ಡೆಯಲ್ಲಿ."

"ಅದು 1881 ತಾತ. ನಿಮ್ಮ ಬೋರ್ಡ್ ಮೇಲೆ ಬರೆದಿರೋದು 1879."

ಇಬ್ಬರ ಮಾತೂ ಸರಿ. ಬರ್ಲಿನ್ ಪ್ರದರ್ಶನದಲ್ಲಿ ಎರಡು ಹಳಿಗಳ ನಡುವೆ, ನೆಲದಿಂದ ಬೇರ್ಪಡಿಸಿ ನಿಲ್ಲಿಸಿದ್ದ ಕಬ್ಬಿಣದ ಪಟ್ಟಿಯಲ್ಲಿ 150 ವೋಲ್ಟ್ ನೇರ ವಿದ್ಯುತ್ ಬರುತ್ತಿತ್ತು. ಎಂಜಿನ್ ಅದನ್ನು ಸವರಿಕೊಂಡು ಪಡೆದು, ಚಕ್ರಗಳ ಮೂಲಕ ಓಡುಹಳಿಗಳಿಗೆ ಹಿಂದಿರುಗಿಸುತ್ತಿತ್ತು. ಎರಡು ವರ್ಷದ ಮೇಲೆ, 1881ರ ಮೇ 16ರಂದು ಬರ್ಲಿನ್ ಬಳಿಯ ಲಿಖ್ಟರ್‌ಫೆಲ್ಡೆಯಲ್ಲಿ ಶುರುವಾದ ಟ್ರಾಮಿನಲ್ಲಿ ನಡುವಿನ ಪಟ್ಟಿ ಇರಲಿಲ್ಲ. ಒಂದು ಹಳಿಯಿಂದ ಬಂದು ಇನ್ನೊಂದರಿಂದ ಹೋಗುವ 180 ವೋಲ್ಟ್. ದಾಟುವ ಕುದುರೆಗಳಿಗೆ ಅಲ್ಲಿ ಹೊಡೆತ ಬೀಳುತ್ತಿತ್ತು. ಇವತ್ತಿನ ಎರಡು ಹಳಿಯ ಮಾದರಿ ರೈಲು ನಡೆಯುವುದು ಈ ಕುದುರೆ ಬೆದರಿಸಿದ ಪದ್ಧತಿಯಲ್ಲೇ, ವೋಲ್ಟೇಜ್ ಮಾತ್ರ ಕಡಿಮೆ.

ಈ ಜಗಳದಿಂದ ಹುಟ್ಟಿದ ರಾಜಿ ಹೀಗೆ: ಓಟ ಆಯಸ್ಕಾಂತದ್ದು, ವಿದ್ಯುತ್ ಹಳಿಯದ್ದು. ನಡುವೆ ಹಿತ್ತಾಳೆಯ ತೆಳುಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಅದಕ್ಕೆ ಯುಎಸ್‌ಬಿ ಚಾರ್ಜರಿನ 5 ವೋಲ್ಟ್ ಕೊಡುವುದು. ಎಂಜಿನ್ನಿನ ತಳದಿಂದ ಇಳಿದ ತಾಮ್ರದ ಸಣ್ಣ ಎಳೆಗಳ ಕುಚ್ಚು ಅದನ್ನು ಸವರಬೇಕು. ಚಕ್ರ, ಓಡುಹಳಿಗಳ ಮೂಲಕ ವಿದ್ಯುತ್ ಹಿಂದಿರುಗಬೇಕು. ನಡುವೆ ಒಂದು ಸಾವಿರ ಓಮ್‌ನ ರೆಸಿಸ್ಟರಿನೊಂದಿಗೆ ಸಾಸಿವೆಗಾತ್ರದ ಎಲ್‌ಇಡಿ. ಸರ್ಕ್ಯೂಟ್ ಅಕ್ಷರಶಃ 1879ರದ್ದು. ಮೋಟರಿನ ಜಾಗದಲ್ಲಿ ದೀಪ, ಅಷ್ಟೇ.

ಕೈಕೆಲಸದ ವಿವರ ಕೆಲವು, ಇಂಥದ್ದು ಮಾಡುವವರಿಗೆ ಬೇಕಾಗುವುದರಿಂದ. ಬಡಗಿ ತಂದ ಹಲಗೆ 12 ಮಿ.ಮೀ. ಪ್ಲೈವುಡ್. "ಮೇಷ್ಟ್ರೇ, ಆನೆ ನಿಂತರೂ ಮುರಿಯಲ್ಲ" ಎಂದ. ಆದರೆ ಆಯಸ್ಕಾಂತದ ಎಳೆತ ಅಷ್ಟು ದಪ್ಪದ ಆಚೆಗೆ ತಲುಪುವಾಗ ಸತ್ತುಹೋಗಿರುತ್ತದೆ. ಪ್ಲೈವುಡ್ಡನ್ನು ಚೌಕಟ್ಟಿಗೆ ಮಾತ್ರ ಉಳಿಸಿಕೊಂಡು ಮೇಲುಹಾಸಿಗೆ 2 ಮಿ.ಮೀ. ಅಕ್ರಿಲಿಕ್ ಹಾಕಿದರು. ಆಗ ಉಲ್ಟಾ ತೊಂದರೆ ಬಂತು: ಎಳೆತ ಹೆಚ್ಚಾಗಿ ಬಂಡಿ ಹಳಿಗೆ ಕಚ್ಚಿಕೊಂಡು, ನಿಂತು ನಿಂತು ಜಿಗಿಯುತ್ತಿತ್ತು. ಕೆಳಗಿನ ಕಡ್ಡಿಯನ್ನು ವಾಷರ್ ಕೊಟ್ಟು ತುಸು ತಗ್ಗಿಸಿ, ಎಂಜಿನ್ನಿನ ತಳದಲ್ಲಿದ್ದ ಎರಡು ಆಯಸ್ಕಾಂತಗಳಲ್ಲಿ ಒಂದನ್ನು ಕಿತ್ತಮೇಲೆ ಓಟ ನಯವಾಯಿತು. ಝಡ್ ಹಳಿ ನಿಕ್ಕಲ್ ಸಿಲ್ವರಿನದ್ದಾದ್ದರಿಂದ ಆಯಸ್ಕಾಂತ ಅದಕ್ಕೆ ಅಂಟಲಿಲ್ಲ. ಉಕ್ಕಿನ ಹಳಿಯಾಗಿದ್ದರೆ ಇಡೀ ಉಪಾಯವೇ ಬಿದ್ದುಹೋಗುತ್ತಿತ್ತು.

ಮೋಟರ್ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಮಾನ್ಯ 12 ವೋಲ್ಟಿನ ಗೇರ್ ಮೋಟರ್, ನಿಮಿಷಕ್ಕೆ ಮೂರೂವರೆ ಸುತ್ತಿನದ್ದು. ವೃತ್ತದ ವ್ಯಾಸ 40 ಸೆಂ.ಮೀ., ಸುತ್ತಳತೆ ಸುಮಾರು 1,257 ಮಿ.ಮೀ. ಮೂಲದ ವೇಗಕ್ಕೆ ಒಂದು ಸುತ್ತಿಗೆ 49 ಸೆಕೆಂಡ್ ಹಿಡಿಯಬೇಕು. ವೋಲ್ಟೇಜ್ ಮೂರನೇ ಒಂದು ಪಾಲಿಗೆ ಇಳಿಸಿದರೆ ವೇಗವೂ ಹೆಚ್ಚುಕಡಿಮೆ ಅಷ್ಟೇ ಇಳಿದು ಅದಕ್ಕೆ ಸರಿಹೊಂದುತ್ತದೆ. ನಿಜವಾದ ರೈಲು ತನ್ನ 300 ಮೀಟರ್ ಮುಗಿಸಲು ಎರಡೂವರೆ ನಿಮಿಷ ತೆಗೆದುಕೊಳ್ಳುತ್ತಿದ್ದಿರಬೇಕು. ನೋಡಲು ಬಂದವರಲ್ಲಿ ಕೆಲವರು "ಸ್ವಲ್ಪ ಸ್ಪೀಡ್ ಮಾಡಿ ಸಾರ್" ಎನ್ನುತ್ತಾರೆ ಎಂಬುದು ಮೊದಲೇ ಗೊತ್ತಿತ್ತು. ಮೇಷ್ಟ್ರು ವೇಗದ ತಿರುಗುಣಿಯನ್ನೇ ಹಲಗೆಯ ಒಳಗೆ ಸೇರಿಸಿ ಮುಚ್ಚಿಬಿಟ್ಟರು. ಇದು ಸರಿಯಾದ ಕೆಲಸ. ಜನರ ಕೈಗೆ ತಿರುಗುಣಿ ಸಿಕ್ಕರೆ 1879 ಎರಡು ನಿಮಿಷ ಉಳಿಯುವುದಿಲ್ಲ.

ಜನ

ಮೈಕ್ರೋ ಲೇಔಟಿನಲ್ಲಿ ಕಟ್ಟಡಕ್ಕೆ ಮನಸೋಲುವುದು ಸುಲಭ. ಇವರೂ ಮೊದಲು ಪ್ರದರ್ಶನದ ಸಭಾಂಗಣದ ಮುಖವನ್ನು ಸನ್‌ಬೋರ್ಡಿನಲ್ಲಿ ಕತ್ತರಿಸಿಟ್ಟಿದ್ದರು. ಹಿಂದೆ ನಿಲ್ಲಿಸಿದ ಕೂಡಲೇ ರೈಲು ಕುಗ್ಗಿಹೋಯಿತು, ಕಣ್ಣೆಲ್ಲ ಗೋಡೆಯ ಮೇಲೆ. ತೆಗೆದರು. ಆ ಜಾಗಕ್ಕೆ ಬಂದದ್ದು ಮೂಲೆಯಲ್ಲಿ ಚಿಮಣಿಯಿರುವ ಒಂದು ಪುಟ್ಟ ಯಂತ್ರದ ಮನೆ. ಯಾಕೆಂದರೆ ಬರ್ಲಿನ್ ರೈಲಿಗೆ ವಿದ್ಯುತ್ ಕೊಟ್ಟ ಡೈನಮೋವನ್ನು ತಿರುಗಿಸುತ್ತಿದ್ದುದು ಉಗಿಯಂತ್ರ. ಹೊಗೆಯಿಲ್ಲದ ರೈಲಿನ ಹೊಗೆ ಇನ್ನೆಲ್ಲೋ ಏಳುತ್ತಿತ್ತು ಎಂಬುದನ್ನು ಮಕ್ಕಳಿಗೆ ತೋರಿಸದೆ ಬಿಟ್ಟರೆ ಅರ್ಧ ಕಥೆಯೇ ಹೋಯಿತು. ಸ್ವಿಚ್ಚನ್ನೂ ಆ ಮನೆಯ ಬಾಗಿಲಲ್ಲೇ ಇಟ್ಟರು.

ಮನುಷ್ಯರು ಸಿಕ್ಕಿದ್ದು ವಾಸ್ತುಶಿಲ್ಪ ವಿದ್ಯಾರ್ಥಿಗಳಿಗೆ ಸಾಮಾನು ಮಾರುವ ಅಂಗಡಿಯಲ್ಲಿ. ಕಟ್ಟಡದ ಮಾದರಿಗಳಿಗೆಂದು 1:75ರ ಪ್ಲಾಸ್ಟಿಕ್ ಜನರ ಪೊಟ್ಟಣ ಅಲ್ಲಿ ಸುಲಭವಾಗಿ ಸಿಗುತ್ತದೆ, 1:76ಕ್ಕೂ ಅದಕ್ಕೂ ಕಣ್ಣಿಗೆ ವ್ಯತ್ಯಾಸವಿಲ್ಲ. ತೊಂದರೆ ಉಡುಪಿನದ್ದು. ಎಲ್ಲರೂ ಪ್ಯಾಂಟು ಹಾಕಿ ಆಫೀಸಿಗೆ ಹೊರಟವರು. ಮೊಮ್ಮಗಳು ಎಂ-ಸೀಲ್ ಕಲಸಿ, ಗುಂಡುಸೂಜಿಯ ತುದಿಯಲ್ಲಿ ಹೆಂಗಸರಿಗೆ ನೆಲಮುಟ್ಟುವ ಲಂಗ, ಗಂಡಸರಿಗೆ ಟೋಪಿ ತಿದ್ದಿದಳು. ಕೂರಬೇಕಾದ ಹದಿನೆಂಟು ಜನರನ್ನು ಸೊಂಟದಲ್ಲಿ ಕತ್ತರಿಸಿ ಬಾಗಿಸಬೇಕಾಯಿತು.

ಅವರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದಾಗ ಲೇಔಟಿನ ಅರ್ಥ ಬದಲಾಯಿತು. ಪ್ರಯಾಣಿಕರು ದಾರಿಯ ಕಡೆಗಲ್ಲ, ಹೊರಗಿನವರ ಕಡೆಗೆ ನೋಡುತ್ತಿದ್ದರು. ಹಳಿಯ ಪಕ್ಕ ನಿಂತವರು ಇವರನ್ನು ನೋಡುತ್ತಿದ್ದರು. ಬೆಂಚಿನ ಈಚೆಗೆ ಬಂದು ನಿಲ್ಲುವ ಮಕ್ಕಳು ಇಬ್ಬರನ್ನೂ ನೋಡುತ್ತಾರೆ. ಪ್ರದರ್ಶನ ಅಂದರೆ ಇದೇ ಅಲ್ಲವೇ ಎಂದು ನಿಂತವರ ಸಾಲನ್ನು ಇನ್ನಷ್ಟು ಒತ್ತಾಗಿ ಹಚ್ಚಿದರು, ಮರಗಳನ್ನು ಕಡಿಮೆ ಮಾಡಿದರು.

ಕಾಗದದ ಚೂರು

ಪ್ರದರ್ಶನದ ದಿನ ಮಧ್ಯಾಹ್ನದವರೆಗೆ ಎಲ್ಲ ಸರಾಗ. ರೈಲು ಸುತ್ತಿತು, ಎಲ್‌ಇಡಿ ಒಮ್ಮೊಮ್ಮೆ ಮಿಣುಕಿದರೂ ಉರಿಯಿತು. ಯಂತ್ರದ ಮನೆಯ ಸ್ವಿಚ್ ಆರಿಸಿದರೆ ದೀಪವೂ ರೈಲೂ ಒಟ್ಟಿಗೆ ನಿಲ್ಲುತ್ತಿದ್ದವು. ಒಂದೇ ಸ್ವಿಚ್ಚಿನಿಂದ ಹಳಿಗೂ ಕೆಳಗಿನ ಮೋಟರಿಗೂ ತಂತಿ ಹೋಗಿತ್ತು. ಮೇಷ್ಟ್ರು ನಡುವಿನ ಪಟ್ಟಿ ತೋರಿಸಿ, ನಮ್ಮ ಮೆಟ್ರೋ ಓಡುವುದೂ ಮೂರನೇ ಹಳಿಯಲ್ಲಿ ಬರುವ 750 ವೋಲ್ಟ್ ನೇರ ವಿದ್ಯುತ್ತಿನಿಂದ, ಅದು ಮಾತ್ರ ಪಕ್ಕದಲ್ಲಿರುತ್ತದೆ ಎಂದು ವಿವರಿಸುತ್ತಿದ್ದರು. ಮೆಟ್ರೋ ಹಳಿಗೆ ಇಳಿಯಬೇಡಿ ಎನ್ನುವುದು ಇದಕ್ಕೇನಾ ಎಂದು ಮಕ್ಕಳು ಕೇಳುತ್ತಿದ್ದರು. ಪಾಠ ಚೆನ್ನಾಗಿಯೇ ಸಾಗಿತ್ತು.

ಆಗ ಎಂಟನೇ ತರಗತಿಯ ಹುಡುಗನೊಬ್ಬ ಬಸ್ ಟಿಕೆಟಿನ ಚೂರೊಂದನ್ನು ನಡುವಿನ ಪಟ್ಟಿಯ ಮೇಲೆ ಹೊದಿಸಿದ. ಎಂಜಿನ್ ಅದರ ಮೇಲೆ ಬಂತು. ದೀಪ ಆರಿತು. ರೈಲು ಹೋಗುತ್ತಲೇ ಇತ್ತು.

"ಅಕ್ಕಾ, ಕರೆಂಟ್ ಕಟ್ ಆದ್ರೂ ರೈಲು ಯಾಕೆ ನಿಲ್ಲಲಿಲ್ಲ?"

ಮೊಮ್ಮಗಳು ಮೇಷ್ಟ್ರ ಮುಖ ನೋಡಿದಳು. ಅಲ್ಲಿ ಎರಡು ದಾರಿಗಳಿದ್ದವು. ಬಂಡಿ ಓಡಿದ ರಭಸಕ್ಕೆ ಮುಂದೆ ಹೋಯಿತು ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅದು ಪಠ್ಯಪುಸ್ತಕದ ಮಾತೂ ಹೌದು. ಮೇಷ್ಟ್ರು ಬೆಂಚಿನ ಹಿಂದಿನಿಂದ ಬಂದು, ಲೇಔಟಿನ ಒಂದು ಬದಿ ಎತ್ತಿ, ಕೆಳಗೆ ತಿರುಗುತ್ತಿದ್ದ ಕಡ್ಡಿಯನ್ನು ಹುಡುಗನಿಗೆ ತೋರಿಸಿದರು. ಉಳಿದವರೆಲ್ಲ ಬಗ್ಗಿ ನೋಡಿದರು. ಆಮೇಲೆ ಮಧ್ಯಾಹ್ನವಿಡೀ ನಡೆದದ್ದು ಬೇರೆಯೇ ಪ್ರದರ್ಶನ. ಮಕ್ಕಳು ಮೊದಲು ಮೇಲೆ ನೋಡಿ ರೈಲು ಹೇಗೆ ಓಡುತ್ತಿದೆ ಎಂದು ಊಹೆ ಹೇಳುವುದು, ಕಾಗದ ಹೊದಿಸಿ ಪರೀಕ್ಷೆ ಮಾಡುವುದು, ಊಹೆ ಮುರಿದು ಬೀಳುವುದು, ಕೊನೆಗೆ ಕೆಳಗೆ ಬಗ್ಗುವುದು. ಪಕ್ಕದ ಬೆಂಚಿನ ಜ್ವಾಲಾಮುಖಿಯವರು ತಮ್ಮ ಅಡಿಗೆಸೋಡಾ ಬಿಟ್ಟು ಇಲ್ಲಿಗೆ ಬಂದರು.

ನಂತರ

ಮರುವಾರ ಅವರು ಮಾಡಿದ ಮೊದಲ ಕೆಲಸ ಚೌಕಟ್ಟಿನ ಮುಂಭಾಗವನ್ನು ಕತ್ತರಿಸಿ ಅಲ್ಲಿ ಪಾರದರ್ಶಕ ಅಕ್ರಿಲಿಕ್ ಕೂರಿಸಿದ್ದು. ಕಡ್ಡಿ, ಆಯಸ್ಕಾಂತ, ಮೋಟರ್ ಎಲ್ಲ ಕಾಣುತ್ತವೆ. ಫಲಕದ ಬರಹವೂ ಬದಲಾಯಿತು: ಈ ರೈಲನ್ನು ಎಳೆಯುವುದು ಕೆಳಗಿನ ಆಯಸ್ಕಾಂತ, 1879ರ ರೈಲನ್ನು ಓಡಿಸಿದ್ದು ನಡುವಿನ ಪಟ್ಟಿಯ ವಿದ್ಯುತ್, ದೀಪ ಆ ವಿದ್ಯುತ್ತಿನ ದಾರಿಯನ್ನು ತೋರಿಸುತ್ತದೆ. ಪಕ್ಕದಲ್ಲಿ ಕಾಗದದ ಚೂರುಗಳ ಒಂದು ಬಟ್ಟಲು.

ಈ ಬದಲಾವಣೆಯನ್ನು ನಮ್ಮ ಹವ್ಯಾಸದ ಕೆಲವರು ಒಪ್ಪಲಿಲ್ಲ. ಯಂತ್ರವನ್ನು ತೋರಿಸಿಬಿಟ್ಟರೆ ಮೇಲಿನ ಲೋಕದ ಮೋಡಿ ಹೋಯಿತು ಎನ್ನುವುದು ಅವರ ಆಕ್ಷೇಪ. ಮಲೆನಾಡಿನ ಒಂದು ಸ್ಟೇಷನ್ನಿನ ಮಾದರಿಗೆ ಈ ಮಾತು ನಿಜ. ಆದರೆ ಇಲ್ಲಿನ ವಿಷಯವೇ ಪ್ರದರ್ಶನ. ಬರ್ಲಿನ್ನಿಗೆ ಹೋದ ಜನ ಸುತ್ತು ಹಾಕಿ ಬರಲು ಮಾತ್ರ ಸಾಲು ನಿಂತವರಲ್ಲ, ಕುದುರೆಯೂ ಇಲ್ಲದೆ ಹೊಗೆಯೂ ಇಲ್ಲದೆ ಇದು ಹೇಗೆ ಓಡುತ್ತದೆ ಎಂಬ ಕುತೂಹಲವೂ ಅವರನ್ನು ಎಳೆದು ತಂದಿರಬೇಕು. ಅದೇ ಪ್ರಶ್ನೆಯನ್ನು ನಮ್ಮ ಮಕ್ಕಳ ಬಾಯಲ್ಲಿ ಹುಟ್ಟಿಸಿದ್ದು ಸಭಾಂಗಣದ ಮುಖವೂ ಅಲ್ಲ, ಹಳಿಯಗಲದ ನಿಖರತೆಯೂ ಅಲ್ಲ. ದೀಪ ಆರಿಯೂ ನಿಲ್ಲದ ರೈಲು. ಚಾರಿತ್ರಿಕ ವಿಷಯದ ಲೇಔಟಿನಲ್ಲಿ ಎಲ್ಲಿ ನಿಖರವಾಗಿರಬೇಕು ಎಂಬುದನ್ನು ಆರಿಸಿಕೊಳ್ಳಲೇಬೇಕು. ಇವರು ಹಳಿಯಗಲ, ವೇಗ, ಕೂರುವ ರೀತಿ, ವಿದ್ಯುತ್ತಿನ ದಾರಿ ಇಷ್ಟನ್ನು ಉಳಿಸಿಕೊಂಡು, ಸುತ್ತಿನ ಉದ್ದ, ಕಟ್ಟಡ, ಎಳೆಯುವ ಬಲ ಈ ಮೂರನ್ನು ಬಿಟ್ಟುಕೊಟ್ಟರು. ಬಿಟ್ಟುಕೊಟ್ಟದ್ದನ್ನು ಮುಚ್ಚಿಡುವವರೆಗೆ ಅದು ಕೊರತೆಯಾಗಿತ್ತು, ಬರೆದು ತೂಗುಹಾಕಿದ ಮೇಲೆ ಅದೇ ಪಾಠವಾಯಿತು.

ಈಗ ಮನೆಯಲ್ಲಿ ಹೊಸ ವಾದ ನಡೆಯುತ್ತಿದೆ. ಸಾಮಾನ್ಯ 16.5 ಮಿ.ಮೀ. ಹಳಿಯನ್ನು ತೆಗೆದುಕೊಂಡರೆ ಪ್ರಮಾಣ 1:30ಕ್ಕೆ ಹತ್ತಿರ ಬರುತ್ತದೆ. ಆ ಗಾತ್ರದ ಎಂಜಿನ್ನಿನೊಳಗೆ ಎನ್20 ಎಂಬ ಕಿರುಬೆರಳಿನಂಥ ಗೇರ್ ಮೋಟರ್ ಹಿಡಿಯುತ್ತದೆ. ನಡುವಿನ ಪಟ್ಟಿಯ ವಿದ್ಯುತ್ತಿನಿಂದಲೇ ನಿಜವಾಗಿ ಓಡಿಸಬಹುದು. ಮೊಮ್ಮಗಳು ಚಕ್ರಗಳಿಗೆ ಆರ್ಡರ್ ಹಾಕಿದ್ದಾಳೆ. ಮೇಷ್ಟ್ರ ತಕರಾರು, ಅದೇ ಹಲಗೆಯಲ್ಲಿ ಆಗ ಸುತ್ತು ಮೂವತ್ತೆಂಟು ಮೀಟರಿಗೆ ಇಳಿಯುತ್ತದೆ, ಮೂರು ಬಂಡಿ ಕಟ್ಟಿದರೆ ರೈಲು ತನ್ನ ಬಾಲವನ್ನೇ ಅಟ್ಟಿಸಿಕೊಂಡು ಹೋಗುತ್ತದೆ, ಒಂದೇ ಬಂಡಿ ಕಟ್ಟಿದರೆ ಅದು ಸೀಮೆನ್ಸ್ ರೈಲೇ ಅಲ್ಲ. ಹಲಗೆ ದೊಡ್ಡದು ಮಾಡೋಣವೆಂದರೆ ಆಟೋದಲ್ಲಿ ಹಿಡಿಯುವುದಿಲ್ಲ. ಮಡಚುವ ಹಲಗೆಗೆ ಎಷ್ಟಾಗುತ್ತದೆಂದು ಬಡಗಿಯನ್ನು ಕೇಳಿದ್ದಾರೆ, ಅವನಿನ್ನೂ ಬಂದು ಅಳತೆ ತೆಗೆದುಕೊಂಡಿಲ್ಲ.